ಪಡಿಯಚ್ಚು ಮತ್ತು ಪೂರ್ವಗ್ರಹ

1

ಹೋದ ವರ್ಷ ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. 'ನಾನು ಕಂಡ ಜಾತ್ರೆ' ಎಂಬ ತೀರಾ ಸಾಧಾರಣ ವಿಷಯ. ಇಂಟರ್ನಲ್ ಅಂಕಕ್ಕೆಂದು ಬರೆದು ತರುವ ಇಂಥ ಹಾಳೆಗಳಲ್ಲಿ ಹೆಚ್ಚಿನವು ಒಂದನ್ನೊಂದು ನೋಡಿ ಬರೆದವು ಎಂಬುದು ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸಂಗತಿಯೇ. ನಲವತ್ತು ಚಿಲ್ಲರೆ ಹಾಳೆಗಳಲ್ಲಿ ಎರಡು ಮಾತ್ರ ನನ್ನನ್ನು ತಡೆದು ನಿಲ್ಲಿಸಿದವು. ಒಂದು, ತಂದೆ ತಾಯಿ ಇಬ್ಬರೂ ಶಾಲಾ ಮೇಷ್ಟ್ರಾಗಿರುವ ಹುಡುಗಿಯದು. ಇನ್ನೊಂದು, ಹಾಸ್ಟೆಲಿನಲ್ಲಿದ್ದು ಓದುವ, ಹಿಂದಿನ ಬೆಂಚಿನಲ್ಲಿ ಕೂರುವ, ಹಾಜರಿ ಕೂಗಿದಾಗ ಮಾತ್ರ ಬಾಯಿ ಬಿಡುವ ಹುಡುಗನದು. ತೇರಿನ ಹತ್ತಿರ ಹೋಗುವಂತಿಲ್ಲದೆ ದೂರದ ಹುಣಸೆಮರದ ಕೆಳಗೆ ತಮಟೆ ಕಾಯಿಸುತ್ತ ಕೂತ ಅಪ್ಪನ ಕೈಗಳ ಬಗ್ಗೆ ಅವನು ಬರೆದಿದ್ದ. ಹುಡುಗಿಯ ಹಾಳೆಗೆ ಒಳ್ಳೆಯ ಅಂಕ ಹಾಕಿ ಪಕ್ಕಕ್ಕಿಟ್ಟೆ. ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿ, "ಇದನ್ನ ಎಲ್ಲಿಂದ ಇಳಿಸ್ದೆ? ಯಾರು ಬರ್‍ಕೊಟ್ರು?" ಅಂತ ಕೇಳಿದೆ.

"ನಾನೇ ಸಾ" ಅಂದ. ಅಷ್ಟೇ. ಮಾರನೆಯ ದಿನ ಒಂದು ರಫ್ ನೋಟ್‌ಬುಕ್ಕನ್ನು ತಂದು ಮೇಜಿನ ಮೇಲಿಟ್ಟು, "ಚಿತ್ತು ಮಾಡಿರವೆಲ್ಲ ಇದರಲ್ಲಿ ಅವೆ ಸಾ, ನೋಡಿ" ಎಂದು ಹೇಳಿ ಹೋದ. ಒಂದೇ ಪ್ಯಾರಾವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದ್ದ. 'ಕೈ' ಎಂದು ಬರೆದದ್ದನ್ನು 'ಅಂಗೈ' ಎಂದು ತಿದ್ದಿ, ಮತ್ತೆ 'ಕೈ' ಮಾಡಿದ್ದ.

ನಾನೂ ಕೇರಿಯಿಂದ ಬಂದವನೇ. ನನ್ನಪ್ಪನೂ ತಮಟೆ ಕಾಯಿಸಿದವನೇ. ಆ ಹುಡುಗನ ಮೇಲೆ ನನಗೆ ಯಾವ ಅಸಹನೆಯೂ ಇರಲಿಲ್ಲ; ಹಾಗೆ ನೋಡಿದರೆ ಅಕ್ಕರೆಯೇ ಇತ್ತು. ಆದರೂ ಹುಡುಗಿಯನ್ನು ಕೇಳದಿದ್ದ ಪ್ರಶ್ನೆಯನ್ನು ಅವನನ್ನು ಕೇಳಿದೆ. ಈ ಪ್ರಶ್ನೆ ನನ್ನ ಬಾಯಿಗೆ ಎಲ್ಲಿಂದ ಬಂತು? ದಲಿತ ವಿಮರ್ಶೆಯ ಸಂಚಿಕೆಗೆ ಬರೆಯಲು ಕೂತಾಗ ಬೇರೆಯವರ ಕೃತಿಗಳ ಕಡೆ ಬೆರಳು ಮಾಡುವ ಮೊದಲು ಇದನ್ನು ಬಿಡಿಸಿಕೊಳ್ಳುವುದು ನ್ಯಾಯ ಅನ್ನಿಸಿತು.

2

ನಮ್ಮ ವಿಮರ್ಶೆಯಲ್ಲಿ 'ಸ್ಟೀರಿಯೋಟೈಪ್' ಮತ್ತು 'ಪೂರ್ವಗ್ರಹ' ಎಂಬ ಎರಡು ಮಾತುಗಳನ್ನು ಒಂದೇ ಎಂಬಂತೆ ಬಳಸುವ ರೂಢಿಯಿದೆ. ಅವು ಒಂದೇ ಅಲ್ಲ.

ಸ್ಟೀರಿಯೋಟೈಪ್ ಎಂಬುದು ಮೂಲತಃ ಅಚ್ಚುಮನೆಯ ಮಾತು. ಒಂದೊಂದೇ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲದಲ್ಲಿ, ಅದೇ ಪುಟವನ್ನು ಮತ್ತೆ ಮತ್ತೆ ಮುದ್ರಿಸಬೇಕಾದರೆ ಮೊಳೆಗಳನ್ನು ಹಾಗೇ ಕಟ್ಟಿಡಲು ಆಗುತ್ತಿರಲಿಲ್ಲ. ಆದ್ದರಿಂದ ಇಡೀ ಪುಟದ ಅಚ್ಚು ತೆಗೆದು, ಸೀಸ ಎರೆದು, ಒಂದೇ ಗಟ್ಟಿ ತಗಡು ಮಾಡಿಕೊಳ್ಳುತ್ತಿದ್ದರು. ಮೊಳೆಗಳಿದ್ದಾಗ ಒಂದು ಅಕ್ಷರ ತಪ್ಪಿದ್ದರೆ ಕಿತ್ತು ಬೇರೆ ಹಾಕಬಹುದಿತ್ತು. ತಗಡಾದ ಮೇಲೆ ಹಾಗೆ ಮಾಡುವಂತಿಲ್ಲ. ತಪ್ಪು ಪ್ರತಿಯೊಂದು ಪ್ರತಿಯಲ್ಲೂ ತಪ್ಪಾಗಿಯೇ ಬೀಳುತ್ತದೆ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಪ್ರಕಟಿಸಿದ 'ಪಬ್ಲಿಕ್ ಒಪಿನಿಯನ್' ಎಂಬ ಪುಸ್ತಕದಲ್ಲಿ ಈ ಮಾತನ್ನು ಅಚ್ಚುಮನೆಯಿಂದ ಸಮಾಜದ ಚರ್ಚೆಗೆ ತಂದ. ಲೋಕ ದೊಡ್ಡದು, ಹೊತ್ತು ಕಡಿಮೆ. ಹಾಗಾಗಿ ಮನುಷ್ಯರು ಎದುರಿನವನನ್ನು ನೋಡುವುದಕ್ಕಿಂತ ಅವನ ಗುಂಪಿನ ಬಗ್ಗೆ ತಲೆಯಲ್ಲಿ ಮೊದಲೇ ಇರುವ ಚಿತ್ರವನ್ನು ನೋಡಿ ಮುಗಿಸುತ್ತಾರೆ ಎಂಬುದು ಅವನ ವಾದದ ತಿರುಳು. ಇದನ್ನು ಕನ್ನಡದಲ್ಲಿ 'ಪಡಿಯಚ್ಚು' ಎಂದು ಕರೆಯಬಹುದು. ಇಲ್ಲಿ ಚಿಕ್ಕದಾಗಿ 'ಅಚ್ಚು' ಎನ್ನುತ್ತೇನೆ.

ಪೂರ್ವಗ್ರಹ ಬೇರೆ. ಮೊದಲೇ ಹಿಡಿದುಕೊಂಡದ್ದು ಎಂದು ಅದರ ಅರ್ಥ. ಅದರಲ್ಲಿ ತಿಳಿವಳಿಕೆಗಿಂತ ಭಾವ ಹೆಚ್ಚು: ಅಸಹ್ಯ, ಭಯ, ತಾತ್ಸಾರ, ಕೆಲವು ಸಲ ಕನಿಕರ. 1954ರಲ್ಲಿ 'ದಿ ನೇಚರ್ ಆಫ್ ಪ್ರೆಜುಡಿಸ್' ಬರೆದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಇವೆರಡರ ಸಂಬಂಧದ ಬಗ್ಗೆ ಒಂದು ಮುಖ್ಯವಾದ ಮಾತು ಹೇಳುತ್ತಾನೆ. ಒಂದು ಗುಂಪಿನವರ ಜೊತೆ ನಾವು ನಡೆದುಕೊಳ್ಳುತ್ತಿರುವ ರೀತಿಯನ್ನು ಸರಿ ಎಂದು ತೋರಿಸಿಕೊಳ್ಳುವುದೇ ಅಚ್ಚಿನ ಕೆಲಸ ಎನ್ನುವುದು ಅವನ ವಿವರಣೆ. ಅಂದರೆ ಅಚ್ಚು ಬರೀ ತಪ್ಪು ಮಾಹಿತಿಯಲ್ಲ, ಅದು ಸಮಜಾಯಿಷಿ.

ಸುಲಭವಾಗಿ ಹೀಗೆ ಹೇಳಬಹುದು: ಅಚ್ಚು ಇರುವುದು ತಲೆಯಲ್ಲಿ, ಪೂರ್ವಗ್ರಹ ಇರುವುದು ಹೊಟ್ಟೆಯಲ್ಲಿ, ತಾರತಮ್ಯ ಇರುವುದು ಕೈಯಲ್ಲಿ. ಸಾಮಾನ್ಯವಾಗಿ ನಾವು ನಂಬಿರುವುದು ಇದು ತಲೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೈಗೆ ಇಳಿಯುತ್ತದೆ ಎಂದು. ದಲಿತರ ಬಗ್ಗೆ ತಪ್ಪು ಚಿತ್ರವಿದೆ, ಅದಕ್ಕೇ ಅಸಹ್ಯ, ಅಸಹ್ಯವಿರುವುದರಿಂದ ದೂರ ಇಡುತ್ತಾರೆ. ಹಾಗಿದ್ದರೆ ಚಿತ್ರ ತಿದ್ದಿದರೆ ಸಾಕಲ್ಲ? ಸ್ನಾನ ಮಾಡಿ, ಬಿಳೀ ಬಟ್ಟೆ ಹಾಕಿ, ಕುಡಿತ ಬಿಟ್ಟು, ನಾಲ್ಕಕ್ಷರ ಕಲಿತರೆ ಊರು ನಮ್ಮನ್ನು ಒಳಗೆ ಕರೆಯುತ್ತದೆ ಎಂದು ನಮ್ಮ ಹಿರೀಕರು ನಂಬಿದ್ದೂ ಇದನ್ನೇ. ಈ ನಂಬಿಕೆ ಎರಡು ಕಡೆ ಮುರಿಯುತ್ತದೆ. ಅಚ್ಚು ಒಡೆದುಹೋದರೂ ಪೂರ್ವಗ್ರಹ ಉಳಿಯುತ್ತದೆ. ಪೂರ್ವಗ್ರಹ ಇಲ್ಲದ ಕಡೆಯೂ ಅಚ್ಚು ಕೆಲಸ ಮಾಡುತ್ತದೆ.

3

ಮೊದಲನೆಯದಕ್ಕೆ ಅಂಬೇಡ್ಕರರ ಬದುಕಿನ ಘಟನೆಯೊಂದೇ ಸಾಕು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಟಿಪ್ಪಣಿಗಳಲ್ಲಿ ಅವರು 1901ರ ಒಂದು ಪ್ರಯಾಣವನ್ನು ನೆನೆಯುತ್ತಾರೆ. ಆಗವರು ಇನ್ನೂ ಸಣ್ಣ ಹುಡುಗ. ಬೇರೆ ಊರಲ್ಲಿ ನೌಕರಿಯಲ್ಲಿದ್ದ ಅಪ್ಪನನ್ನು ನೋಡಲು ಮನೆಯ ಮಕ್ಕಳೆಲ್ಲ ಹೊಸ ಬಟ್ಟೆ, ಹೊಸ ಬೂಟು, ಜರಿಯ ಟೋಪಿ ಹಾಕಿಕೊಂಡು ರೈಲಿನಲ್ಲಿ ಹೋಗಿ ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿರುವುದಿಲ್ಲ. ಸ್ಟೇಷನ್ ಮಾಸ್ಟರು ಹತ್ತಿರ ಬಂದು ಪ್ರೀತಿಯಿಂದಲೇ ವಿಚಾರಿಸುತ್ತಾನೆ. ಬಟ್ಟೆಬರೆ, ಮಾತು ನೋಡಿ ಬ್ರಾಹ್ಮಣರ ಮಕ್ಕಳಿರಬೇಕು ಅಂದುಕೊಂಡಿರುತ್ತಾನೆ. ಯಾರು ನೀವು ಅಂದಾಗ ಮಕ್ಕಳು ಹಿಂದುಮುಂದು ನೋಡದೆ ಮಹಾರರು ಎಂದುಬಿಡುತ್ತಾರೆ. ಅವನ ಮುಖವೇ ಬದಲಾಗುತ್ತದೆ. ಮಕ್ಕಳನ್ನು ಅಲ್ಲೇ ಬಿಟ್ಟು ತನ್ನ ಕೋಣೆಗೆ ಹೋಗುತ್ತಾನೆ. ಕೊನೆಗೆ ಸಿಕ್ಕ ಗಾಡಿಯವನೂ ಎರಡರಷ್ಟು ಬಾಡಿಗೆ ತೆಗೆದುಕೊಂಡು, ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ ಬರುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಆ ಮಕ್ಕಳಲ್ಲಿ 'ಮಹಾರ' ಎಂಬ ಅಚ್ಚಿಗೆ ಹೊಂದುವ ಒಂದು ಗುರುತೂ ಇರಲಿಲ್ಲ. ಸ್ಟೇಷನ್ ಮಾಸ್ಟರನ ಸ್ವಂತ ಕಣ್ಣೇ ಅದಕ್ಕೆ ಸಾಕ್ಷಿ ಹೇಳಿತ್ತು. ತಪ್ಪು ಚಿತ್ರವೇ ರೋಗದ ಮೂಲವಾಗಿದ್ದರೆ, ಮಹಾರರ ಮಕ್ಕಳು ಹೀಗೂ ಇರುತ್ತಾರಲ್ಲ ಎಂದು ಅವನ ಚಿತ್ರ ಆ ಕ್ಷಣದಲ್ಲಿ ಸರಿಹೋಗಬೇಕಿತ್ತು. ಹೋಗಲಿಲ್ಲ. ಅವನಿಗೆ ಬೇಕಿದ್ದದ್ದು ಈ ಮಕ್ಕಳು ಎಂಥವರು ಎಂಬ ಉತ್ತರವಲ್ಲ, ಯಾರ ಮಕ್ಕಳು ಎಂಬ ಉತ್ತರ. ಅದು ಸಿಕ್ಕ ಕೂಡಲೇ ಕಣ್ಣಿನ ಸಾಕ್ಷಿ ಬಿದ್ದುಹೋಯಿತು.

ಒಂದು ಶತಮಾನ ಕಳೆದ ಮೇಲೂ ಲೆಕ್ಕ ಬದಲಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತುಗಳಿಗೆ ಒಂದೇ ವಿದ್ಯಾರ್ಹತೆಯ, ಆದರೆ ಬೇರೆ ಬೇರೆ ಹೆಸರಿನ ಅರ್ಜಿಗಳನ್ನು ಕಳಿಸಲಾಯಿತು. ದಲಿತರದೆಂದು ಗೊತ್ತಾಗುವ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಕಡಿಮೆ ಇತ್ತು. ಮುಖ ನೋಡಿಲ್ಲ, ಮಾತು ಕೇಳಿಲ್ಲ, ಓದು ಒಂದೇ. ಉಳಿದದ್ದು ಹೆಸರು.

ಪೂರ್ವಗ್ರಹಕ್ಕೆ ಅಚ್ಚು ಬೇಕೇ ಬೇಕಾದಾಗ ಅದು ತನಗೆ ಬೇಕಾದ ಅಚ್ಚನ್ನು ತಾನೇ ಎರೆದುಕೊಳ್ಳುತ್ತದೆ. ಅದಕ್ಕೇ ಈ ಅಚ್ಚುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅವರು ಸೋಮಾರಿಗಳು ಎನ್ನುವ ಬಾಯೇ ಕತ್ತೆ ತರ ದುಡೀತಾರೆ ಎನ್ನುತ್ತದೆ. ದಡ್ಡರು ಎನ್ನುವವರೇ ನಮ್ಮ ಹುಡುಗರ ಸೀಟೆಲ್ಲ ಅವರೇ ಹೊಡ್ಕೊಂಡ್ರು ಎನ್ನುತ್ತಾರೆ. ಓದದಿದ್ದಾಗ ಅಕ್ಷರಗೇಡಿ, ಓದಿ ನೌಕರಿಗೆ ಬಂದರೆ 'ಗೌರ್ಮೆಂಟ್ ಬ್ರಾಹ್ಮಣ'. ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಈ ಕುಹಕದ ಹೆಸರನ್ನೇ ಇಟ್ಟದ್ದು ಸುಮ್ಮನೆ ಅಲ್ಲ. ಹಳೆಯ ಅಚ್ಚು ಒಡೆದ ಜಾಗದಲ್ಲಿ ಹೊಸ ಅಚ್ಚು ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದಕ್ಕೆ ಆ ಎರಡು ಪದಗಳೇ ಪುರಾವೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗಲೂ ಆದದ್ದು ಇದೇ. ಬೇರೊಬ್ಬರ ಬಾಯಲ್ಲಿ ಅದು ವಿಮರ್ಶೆಯಾಗುತ್ತಿತ್ತೇನೋ. ಅವರ ಬಾಯಲ್ಲಿ ಉದ್ಧಟತನವಾಯಿತು. ಅವರು ಮಂತ್ರಿಪದವಿ ಬಿಡಬೇಕಾಯಿತು.

ಹಾಗಾದರೆ ಪೂರ್ವಗ್ರಹದ ಬೇರು ಎಲ್ಲಿದೆ? ಒಬ್ಬರನ್ನೊಬ್ಬರು ಅರಿಯದಿರುವುದರಲ್ಲಿ ಎನ್ನಲು ನಮ್ಮ ಹಳ್ಳಿಗಳು ಬಿಡುವುದಿಲ್ಲ. ಕೇರಿಯವರಿಗೆ ಊರಿನ ಮನೆಮನೆಯ ಸಂಗತಿ ಗೊತ್ತು, ಊರಿನವರಿಗೆ ಕೇರಿಯ ಒಬ್ಬೊಬ್ಬರ ಹೆಸರೂ ಗೊತ್ತು. ದಿನವಿಡೀ ಒಂದೇ ಗದ್ದೆಯಲ್ಲಿ ನಿಂತು ದುಡಿಯುತ್ತಾರೆ. ಒಡನಾಟದಿಂದ ಪೂರ್ವಗ್ರಹ ಕರಗುತ್ತದೆ ಎಂದ ಆಲ್‌ಪೋರ್ಟ್ ಅದಕ್ಕೆ ಕೆಲವು ಷರತ್ತುಗಳನ್ನೂ ಹಾಕಿದ್ದ: ಇಬ್ಬರೂ ಸಮಾನ ಸ್ಥಾನದಲ್ಲಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಕಾನೂನು ಮತ್ತು ಹಿರಿತನ ಅದರ ಬೆನ್ನಿಗಿರಬೇಕು. ನಮ್ಮ ಗದ್ದೆಯ ಒಡನಾಟದಲ್ಲಿ ಈ ಯಾವುದೂ ಇಲ್ಲ. ಒಬ್ಬ ಬದುವಿನ ಮೇಲೆ, ಒಬ್ಬ ಕೆಸರಲ್ಲಿ. ಇಂಥ ಒಡನಾಟ ಅಚ್ಚನ್ನು ಕರಗಿಸುವ ಬದಲು ದಿನಾ ಒಂದಿಷ್ಟು ಗಟ್ಟಿ ಮಾಡುತ್ತದೆ. ಕೆಸರಲ್ಲಿರುವವನು ಕೆಸರಲ್ಲೇ ಇರಬೇಕಾದರೆ ಅದಕ್ಕೊಂದು ಕಾರಣ ಬೇಕು. ಅವನಿಗೆ ಅದೇ ಒಗ್ಗುತ್ತೆ ಎಂಬುದು ಆ ಕಾರಣ. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರರು ಜನರ ಕೆಟ್ಟತನವನ್ನು ದೂರದೆ, ಜಾತಿಗೆ ಪಾವಿತ್ರ್ಯ ಕೊಟ್ಟ ಶಾಸ್ತ್ರದ ಕಡೆ ತಿರುಗಿದ್ದು ಇದಕ್ಕೇ. ಮೊದಲು ಇದ್ದದ್ದು ವ್ಯವಸ್ಥೆ, ಆಮೇಲೆ ಭಾವ, ಕಟ್ಟಕಡೆಗೆ ಚಿತ್ರ. ನಾವು ಕಟ್ಟಕಡೆಯದನ್ನು ಹಿಡಿದು ತಿದ್ದುತ್ತ ಕೂತಿದ್ದೇವೆ.

4

ಇಲ್ಲಿಗೇ ಲೇಖನ ನಿಲ್ಲಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಪ್ಪೆಲ್ಲ ಆಚೆಯವರದಾಗುತ್ತಿತ್ತು. ಆದರೆ ನಾನು ಹುಡುಗನನ್ನು ಕೇಳಿದ ಪ್ರಶ್ನೆ ಈ ವಿವರಣೆಗೆ ಸಿಗುವುದಿಲ್ಲ. ನನ್ನ ಹೊಟ್ಟೆಯಲ್ಲಿ ಅಸಹ್ಯವಿರಲಿಲ್ಲ. ಅವನನ್ನು ಕೆಸರಲ್ಲಿ ಇಟ್ಟು ನನಗೆ ಆಗಬೇಕಾದ ಲಾಭವೂ ಇರಲಿಲ್ಲ.

1989ರಲ್ಲಿ ಪೆಟ್ರೀಷಿಯಾ ಡಿವೈನ್ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದ ಕರಿಯರ ಕುರಿತ ಬಿಳಿಯರ ಅಚ್ಚುಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಪೂರ್ವಗ್ರಹ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಆ ಅಚ್ಚುಗಳು ಸರಿಸಮವಾಗಿ ಗೊತ್ತಿದ್ದವು. ಒಂದೇ ಸಮಾಜದಲ್ಲಿ ಬೆಳೆದ ಮೇಲೆ ಗೊತ್ತಿಲ್ಲದಿರಲು ಹೇಗೆ ಸಾಧ್ಯ? ವ್ಯತ್ಯಾಸ ಇದ್ದದ್ದು ಅದನ್ನು ನಂಬುವುದರಲ್ಲಿ. ಅಚ್ಚು ತಾನಾಗಿ ಎದ್ದುಬರುತ್ತದೆ, ಅದನ್ನು ತಡೆಯಲು ಮಾತ್ರ ಗಮನ ಬೇಕು, ಪುರಸೊತ್ತು ಬೇಕು. ಗಮನ ತಪ್ಪಿದಾಗ ನಂಬದವನ ಬಾಯಲ್ಲೂ ಅದೇ ಮಾತಾಡುತ್ತದೆ.

ರೇಮಾ ಹನ್ನಾ ಮತ್ತು ಲೀ ಲಿಂಡೆನ್ ನಮ್ಮ ದೇಶದಲ್ಲೇ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಅವರದಲ್ಲದ ಜಾತಿಯನ್ನು ಮನಬಂದಂತೆ ಬರೆದು ಮೇಷ್ಟ್ರುಗಳಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಿತ್ತು. ಅಂತರ ಸಣ್ಣದೇ. ಆದರೆ ಹಾಗೆ ಕಡಿಮೆ ಹಾಕಿದವರಲ್ಲಿ ಎದ್ದು ಕಂಡವರು ಮೇಲ್ಜಾತಿಯ ಮೇಷ್ಟ್ರುಗಳಲ್ಲ, ಕೆಳಜಾತಿಯ ಮೇಷ್ಟ್ರುಗಳೇ. ಇನ್ನೊಂದು ಸಂಗತಿ: ಕಟ್ಟಿನ ಮೇಲುಗಡೆ ಇದ್ದ, ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಈ ಅಂತರ ಹೆಚ್ಚಿತ್ತು. ಅಂಕ ಎಷ್ಟು ಹಾಕಬೇಕೆಂಬ ಅಂದಾಜು ಇನ್ನೂ ಸಿಗದೆ ಕೈ ತಡಕಾಡುತ್ತಿರುವಾಗ, ಪತ್ರಿಕೆಯ ಮೇಲಿನ ಜಾತಿಯೇ ಕೈಹಿಡಿದು ನಡೆಸುತ್ತದೆ.

ಇದರ ಪೆಟ್ಟು ಮಕ್ಕಳ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ 2004ರಲ್ಲಿ ತೋರಿಸಿದರು. ಉತ್ತರ ಪ್ರದೇಶದ ಹಳ್ಳಿಗಾಡಿನ ಹುಡುಗರಿಗೆ ದಾರಿ ಹುಡುಕುವ ಚಿತ್ರಬಂಧಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಒಂದೇ ಸಮ. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಬುದ್ಧಿ ಅದೇ, ಹಾಳೆ ಅದೇ. ನಡುವೆ ಆದದ್ದು ಒಂದು ಪ್ರಕಟಣೆ ಮಾತ್ರ. ಅಚ್ಚು ಇರುವುದನ್ನು ಹೇಳುವುದಿಲ್ಲ, ಹೇಳಿ ಹೇಳಿ ಇರುವಂತೆ ಮಾಡುತ್ತದೆ.

ಕೇರಿಯ ಒಳಗಿನ ಮಾತನ್ನೂ ಇಲ್ಲಿ ಆಡಲೇಬೇಕು. ನನ್ನಜ್ಜಿ ಊರಿನವರ ಜಗುಲಿಯ ಕೆಳಗೆ ಕೂತು ಕೈಯೊಡ್ಡಿ ನೀರು ಕುಡಿದವಳು. ಆದರೆ ಆಚೆ ಕೇರಿಯವರ ಮನೆಯಲ್ಲಿ ಎಂದೂ ನೀರು ಮುಟ್ಟಲಿಲ್ಲ. ಅವರು ಹಾಗೆ, ಅವರ ಮಾತು ಹೀಗೆ ಎಂಬ ಅಚ್ಚುಗಳು ಎಡಗೈಯಲ್ಲೂ ಇವೆ, ಬಲಗೈಯಲ್ಲೂ ಇವೆ. ಒಳಮೀಸಲಾತಿಗೆ ಅವಕಾಶ ಕೊಟ್ಟ ಸುಪ್ರೀಂ ಕೋರ್ಟಿನ ತೀರ್ಪು 2024ರ ಆಗಸ್ಟ್ 1ರಂದು ಬಂದ ಮೇಲೆ ಆ ಹಳೆಯ ಮಾತುಗಳು ಓದಿದವರ ಬಾಯಲ್ಲೂ ಮತ್ತೆ ಕೇಳಿಬಂದವು. ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಎಂದದ್ದರ ಅರ್ಥ ಇದೇ: ತುಳಿಸಿಕೊಂಡವನಿಗೂ ತುಳಿಯಲು ಒಂದು ಮೆಟ್ಟಿಲು ಸಿಗುತ್ತದೆ, ಆ ಮೆಟ್ಟಿಲಿನ ಮೇಲೆ ನಿಲ್ಲಲು ಒಂದು ಅಚ್ಚೂ ಸಿಗುತ್ತದೆ.

5

ಇದರಿಂದ ಸಾಹಿತ್ಯ ವಿಮರ್ಶೆಗೆ ಏನು ಪ್ರಯೋಜನ ಎಂದು ಕೇಳಬಹುದು. ಕೃತಿಯೊಂದರಲ್ಲಿ ದಲಿತ ಪಾತ್ರ ಒಳ್ಳೆಯದಾಗಿದೆಯೋ ಕೆಟ್ಟದಾಗಿದೆಯೋ ಎಂದು ನೋಡಿ ಅಂಕ ಹಾಕುವುದೇ ನಮ್ಮಲ್ಲಿ ಬಹುಪಾಲು ದಲಿತ ವಿಮರ್ಶೆಯಾಗಿದೆ. ಮೇಲಿನ ವಿವರಣೆ ಸರಿಯಾಗಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ: ಈ ಕೃತಿಯಲ್ಲಿ ಅಚ್ಚು ಏನಾಗುತ್ತದೆ? ತಿರುಗುಮುರುಗಾಗುತ್ತದೆಯೋ, ಕರಗುತ್ತದೆಯೋ?

ಬಸವಣ್ಣನವರ ಪ್ರಸಿದ್ಧ ವಚನವೊಂದಿದೆ. ಹೊಲೆಯ, ಮಾದಿಗ ಎಂಬ ಹೆಸರುಗಳು ಹುಟ್ಟಿನಿಂದ ಬರುವುದಲ್ಲ, ಹಿಂಸೆ ಮಾಡುವವನಿಗೆ, ಹೇಸಿಗೆ ತಿನ್ನುವವನಿಗೆ ಸಲ್ಲುವಂಥವು ಎಂಬುದು ಅದರ ಆಶಯ. ಹನ್ನೆರಡನೇ ಶತಮಾನದಲ್ಲಿ ಇದು ದೊಡ್ಡ ಮಾತು. ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದು ಕರೆದುಕೊಂಡವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಕೇರಿಯಲ್ಲಿ ಕೂತು ಈ ವಚನ ಓದಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಹೆಸರನ್ನು ಮನುಷ್ಯನಿಂದ ಬಿಡಿಸಿದ್ದಾರೆ, ಬೈಗುಳದಿಂದ ಬಿಡಿಸಿಲ್ಲ. ನಾನು ಪಾರಾದೆ, ನನ್ನ ಕುಲದ ಹೆಸರು ಪಾರಾಗಲಿಲ್ಲ. ಪೂರ್ವಗ್ರಹವನ್ನು ಎದುರಿಸುವ ಪಠ್ಯದಲ್ಲೇ ಅಚ್ಚು ಹೀಗೆ ಉಳಿದುಕೊಳ್ಳಬಹುದು.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಬೇಸಾಯ ಮಾಡಬೇಕೆಂಬ ಚೋಮನ ಆಸೆ ಅಚ್ಚನ್ನು ಒಡೆಯುವಂಥ ಆಸೆ. ಅವನಿಗೆ ಭೂಮಿ ಸಿಗದಿರುವುದಕ್ಕೆ ಕಾರಣ ಅವನ ಸ್ವಭಾವವಲ್ಲ, ಕಟ್ಟುಪಾಡು ಎಂಬುದನ್ನು ಕಾರಂತರು ಸ್ಪಷ್ಟವಾಗಿ ಕಂಡಿದ್ದಾರೆ. ಆದರೆ ಕಾದಂಬರಿ ಮುಂದೆ ಹೋದಂತೆ ಚೋಮನಿಗೆ ಉಳಿಯುವುದು ಹೆಂಡ ಮತ್ತು ದುಡಿ. ನೇಗಿಲು ಮುರಿದು ದುಡಿ ಬಡಿಯುತ್ತ ಅವನು ಸಾಯುವಾಗ ಓದುಗನಿಗೆ ಕಣ್ಣೀರು ಬರುತ್ತದೆ. ಕಣ್ಣೀರು ಒರೆಸಿಕೊಂಡವನ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಮಾತ್ರ ನೇಗಿಲು ಹಿಡಿದ ಚೋಮನದಲ್ಲ, ದುಡಿ ಹಿಡಿದ ಚೋಮನದು. ಕನಿಕರವೂ ಒಂದು ಅಚ್ಚು ಎರೆಯಬಲ್ಲದು.

ದೇವನೂರ ಮಹಾದೇವರ 'ಒಡಲಾಳ' ಬೇರೆ ದಾರಿ ಹಿಡಿಯುತ್ತದೆ. ಕಳ್ಳತನ ಎಂಬುದು ನಮ್ಮ ಮೇಲೆ ಸದಾ ಹೊರಿಸುವ ಅಚ್ಚು. ಅದನ್ನು ಎದುರಿಸಲು ಪ್ರಾಮಾಣಿಕ ದಲಿತನೊಬ್ಬನನ್ನು ತಂದು ನಿಲ್ಲಿಸುವುದು ಸುಲಭವಿತ್ತು. ಮಹಾದೇವ ಹಾಗೆ ಮಾಡುವುದಿಲ್ಲ. ಕದ್ದು ತಂದ ಕಡಲೆಕಾಯಿಯ ಸುತ್ತ ಸಾಕವ್ವನ ಮನೆಮಂದಿಯನ್ನೆಲ್ಲ ಕೂರಿಸುತ್ತಾರೆ. ರಾತ್ರಿಯೆಲ್ಲ ತಿನ್ನುವ ಆ ಸಂಭ್ರಮದ ಒಳಗೆ ಓದುಗನನ್ನೂ ಕೂರಿಸಿಬಿಡುತ್ತಾರೆ. ಪೊಲೀಸರು ಬರುವ ಹೊತ್ತಿಗೆ ಓದುಗ ಯಾರ ಕಡೆ ಇರುತ್ತಾನೆ ಎಂಬುದನ್ನು ಓದಿದವರೆಲ್ಲ ಬಲ್ಲರು. ಇಲ್ಲಿ ಕೆಟ್ಟ ಅಚ್ಚನ್ನು ತೆಗೆದು ಒಳ್ಳೆ ಅಚ್ಚು ಕೂರಿಸಿಲ್ಲ. ಸೀಸ ಕರಗಿ ಮತ್ತೆ ಒಂದೊಂದೇ ಮೊಳೆಯಾಗಿದೆ: ಸಾಕವ್ವ ಸಾಕವ್ವನೇ, ಮಗ ಮಗನೇ, ಹಸಿವು ಹಸಿವೇ.

ನಮ್ಮದೇ ವಿಮರ್ಶೆ ಎರೆದ ಅಚ್ಚೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ದಲಿತ ಬರೆದರೆ ಬೆಂಕಿ ಇರಬೇಕು, ನೋವು ಇರಬೇಕು. 1975ರ 'ಹೊಲೆಮಾದಿಗರ ಹಾಡು' ಓದಿದವರು ಸಿದ್ಧಲಿಂಗಯ್ಯನವರನ್ನು ಆಕ್ರೋಶದ ಕವಿ ಎಂದು ಕಟ್ಟಿಟ್ಟರು. ಮುಂದೆ 'ಊರುಕೇರಿ'ಯಲ್ಲಿ ಅವರು ನಗಿಸಿದಾಗ ಕೆಲವರಿಗೆ ಏನು ಮಾಡಬೇಕೋ ತೋಚಲಿಲ್ಲ. ನಾನೂ ಅಂಥವನೇ. ಅದೇ ಹುಡುಗ ಮುಂದಿನ ಅಸೈನ್‌ಮೆಂಟಿನಲ್ಲಿ ಹಾಸ್ಟೆಲಿನ ಎದುರಿನ ಬೇಕರಿಯ ಬಗ್ಗೆ, ಅಲ್ಲಿನ ಬಿಸಿ ಬನ್ನಿನ ಬಗ್ಗೆ ಬರೆದಿದ್ದ. ತುಂಬ ತಮಾಷೆಯಾಗಿತ್ತು. ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ನಿನ್ನ ಅನುಭವ ಬರಿ' ಎಂದು ಬರೆದೆ. ಬನ್ನು ಅವನ ಅನುಭವವಲ್ಲವಂತೆ, ತಮಟೆ ಮಾತ್ರ ಅವನ ಅನುಭವವಂತೆ! ಮೊದಲ ಸಲ ಅವನಿಗೆ ಬರೆಯಲು ಬರುವುದಿಲ್ಲ ಎಂಬ ಅಚ್ಚು, ಎರಡನೇ ಸಲ ಅವನು ಇದನ್ನೇ ಬರೆಯಬೇಕು ಎಂಬ ಅಚ್ಚು. ಎರಡನೆಯದನ್ನು ನಾನು ಪ್ರೀತಿಯಿಂದ ಒತ್ತಿದ್ದೆ, ಅಷ್ಟೇ ವ್ಯತ್ಯಾಸ.

6

ಈಗ ಅಸೈನ್‌ಮೆಂಟುಗಳನ್ನು ನೋಡುವಾಗ ಹೆಸರಿರುವ ಮೇಲಿನ ಹಾಳೆಯನ್ನು ಹಿಂದಕ್ಕೆ ಮಡಚಿಟ್ಟು ಓದುತ್ತೇನೆ. ಎಲ್ಲವನ್ನೂ ಒಮ್ಮೆ ಓದಿದ ಮೇಲೆಯೇ ಅಂಕ ಹಾಕುತ್ತೇನೆ. ಅನುಮಾನ ಬಂದರೆ ಎಲ್ಲರನ್ನೂ ಕೇಳಬೇಕು, ಇಲ್ಲವಾದರೆ ಯಾರನ್ನೂ ಕೇಳಬಾರದು ಎಂದುಕೊಂಡಿದ್ದೇನೆ. ಇವು ಸಣ್ಣ ಉಪಾಯಗಳು. ಬದುವಿನ ಮೇಲೆ ನಿಂತವನನ್ನು ಇವು ಕೆಳಗಿಳಿಸುವುದಿಲ್ಲ. ಅದಕ್ಕೆ ಭೂಮಿ, ನೌಕರಿ, ಕಾನೂನಿನ ಹೋರಾಟಗಳೇ ಆಗಬೇಕು. ಆದರೆ ಆ ಹೋರಾಟ ಮಾಡುವವರ ಕೈಯಲ್ಲೂ ಅದೇ ತಗಡು ಇರಬಹುದು ಎಂಬ ಎಚ್ಚರ ವಿಮರ್ಶೆಯ ಪಾಲಿನ ಕೆಲಸ.

ರಫ್ ನೋಟ್‌ಬುಕ್ ವಾಪಸ್ ಕೊಡುವಾಗ ಹುಡುಗನಿಗೆ "ತಪ್ಪಾಯ್ತು ಕಣಪ್ಪ" ಅಂದೆ. "ಬುಡಿ ಸಾ" ಅಂದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿಲ್ಲ. ಅಂದಿನಿಂದ ಅವನು ತಂದುಕೊಡುವ ಪ್ರತಿಯೊಂದು ಅಸೈನ್‌ಮೆಂಟಿನ ಹಿಂದೆ ಚಿತ್ತು ಮಾಡಿದ ಹಾಳೆಗಳೂ ಇರುತ್ತವೆ, ಜೊತೆಗೆ ಸೇರಿಸಿ ಪಿನ್ನು ಹೊಡೆದಿರುತ್ತಾನೆ. ಬೇಡ ಅಂತ ಎರಡು ಸಲ ಹೇಳಿದೆ. ಇವತ್ತಿಗೂ ತರುತ್ತಾನೆ.